ಯಜಮಾನ್ರು ಕಾಫಿ ಕಾನಸರ್ ಆದದ್ದು

ಮೂಡಿಗೆರೆ ಹತ್ತಿರ ಕಾಫಿ ತೋಟ ಮಾಡ್ಕೊಂಡಿರೋ ನಮ್ಮನೆಗೆ ಆಗಾಗ ಒಂದು ಇಂಗ್ಲಿಷ್ ಪದ ಬಂದು ವಕ್ಕರಿಸುತ್ತೆ, ಬಂದದ್ದು ಸುಮ್ಮನೆ ಹೋಗೋದಿಲ್ಲ.

೧. ಯಾವುದಕ್ಕೆ ಹೊಡೀಬೇಕು?

ನಮ್ಮ ಯಜಮಾನ್ರು ಒಂದು ಗುಟುಕು ಕುಡಿದು ಕಾಫಿಯ ಜಾತಕ ಹೇಳ್ತಾರೆ. ಅದಕ್ಕೇ ಗೋಣಿಬೀಡಿನ ಬೆಳೆಗಾರರ ಸಭೆಯಲ್ಲಿ ಅವರಿಗೆ ಸನ್ಮಾನ, ಪರಿಚಯ ಮಾಡಿಕೊಡೋ ಕೆಲಸ ನನಗೆ. "ಇದೊಂದು ಪದ ಮರೀಬೇಡಿ" ಅಂತ ಕಾರ್ಯದರ್ಶಿಗಳು ಮೊಬೈಲಿಗೆ ಇಂಗ್ಲಿಷಲ್ಲಿ ಕಳಿಸಿದ್ರು. ಗೂಡ್ಸ್ ರೈಲಿನಷ್ಟು ಉದ್ದ ಇತ್ತು.

"ಕೊನ್ನೊಯಿಸ್ಸಿಯುರ್" ಅಂತ ಜೋರಾಗಿ ಓದಿದೆ.

ಪೇಪರ್ ಓದ್ತಿದ್ದ ಯಜಮಾನ್ರು ತಲೆಯೆತ್ತಿ, "ಯಾವ ಔಷಧಿ ಮಾರಾಯ್ತಿ ಅದು? ಕಾಯಿಕೊರಕದ ಹುಳಕ್ಕೆ ಹೊಡೆಯೋದಾ, ಎಲೆ ತುಕ್ಕು ರೋಗಕ್ಕಾ?" ಅಂದ್ರು.

೨. ನೋಡೋಕೆ ಬಂದವರು

ಮೊಬೈಲನ್ನೇ ಕೇಳಿದೆ. ಅದರೊಳಗಿನ ಹೆಂಗಸು "ಕಾನಸರ್" ಅಂದ್ಲು. ರುಚಿ ಬಲ್ಲವರು ಅಂತ ಅರ್ಥವಂತೆ. ಅಷ್ಟೊಂದು ಅಕ್ಷರ ಬರೆದು ಅರ್ಧ ನುಂಗೋದಾದ್ರೆ ಬರೆಯೋದ್ಯಾಕೋ!

ಮರುದಿನ ಜಗಲಿಯಲ್ಲಿ ಓಡಾಡ್ತಾ, "ನಮ್ಮ ಯಜಮಾನ್ರಿಗೆ... ಕಾಫಿ ಕಾನಸರ್... ಯಜಮಾನ್ರು ಕಾನಸರ್..." ಅಂತ ಬಾಯಿಪಾಠ ಮಾಡ್ತಿದ್ದೆ. ಅಂಗಳಕ್ಕೆ ಬಂದ ತೋಟದ ಮೇಸ್ತ್ರಿ ತಲೆ ತಗ್ಗಿಸ್ಕೊಂಡು ವಾಪಸ್ ಹೋದ್ರು.

ಸಂಜೆ ನೋಡಿದ್ರೆ ಕೆಲಸದವರೆಲ್ಲ ಎಳನೀರು, ಬಾಳೆಹಣ್ಣು ಹಿಡ್ಕೊಂಡು ಅಂಗಳದಲ್ಲಿ! ಮೇಸ್ತ್ರಿ ಕಣ್ಣೊರೆಸ್ಕೊಳ್ತಾ, "ಧೈರ್ಯವಾಗಿರಿ ಅಮ್ಮಾ. ಕ್ಯಾನ್ಸರಿಗೆ ಈಗ ಒಳ್ಳೊಳ್ಳೆ ಔಷಧಿ ಬಂದಿದಾವೆ" ಅಂದ್ರು.

"ಅಯ್ಯೋ, ಕ್ಯಾನ್ಸರ್ ಅಲ್ಲ, ಕಾನಸರ್! ಅಂದ್ರೆ ಕಾಫಿ ಕೊಟ್ರೆ ಸುಮ್ಮನೆ ಕುಡಿಯದೆ, ಅದು ಹೀಗಿದೆ ಹಾಗಿದೆ ಅಂತ ಹೇಳೋರು."

ಮೇಸ್ತ್ರಿ ಹೆಂಡತಿ ನಿಟ್ಟುಸಿರು ಬಿಟ್ಟು, "ಅದಾ? ನಮ್ಮನೆ ಇವ್ರಿಗೂ ಮದುವೆಯಾದಾಗಿಂದ್ಲೂ ಇದೆ ಅಮ್ಮಾ" ಅಂದ್ಲು.

೩. ಮೈಕಿನ ಮುಂದೆ

ಸಭೆಯ ದಿನ ಹಾಲ್ ತುಂಬಿತ್ತು. ಮೈಕ್ ಹಿಡಿದವಳಿಗೆ ಮೇಸ್ತ್ರಿ ತಂದ ಎಳನೀರು ನೆನಪಾಯ್ತು. ಆ ಪದ ಹೇಳಿದ್ರೆ ಇಡೀ ಗೋಣಿಬೀಡು ಅಳೋಕೆ ಶುರುಮಾಡಿದ್ರೆ? ಇಂಗ್ಲಿಷಿನ ಸಹವಾಸವೇ ಬೇಡ, ಕನ್ನಡದಲ್ಲೇ ಹೇಳಿಬಿಡೋಣ ಅಂತ ಆ ಗಳಿಗೆಯಲ್ಲೇ ನಿರ್ಧಾರ ಮಾಡಿ, ಗಂಟಲು ಸರಿಮಾಡ್ಕೊಂಡು ಘೋಷಿಸಿದೆ: "ನಮ್ಮ ಯಜಮಾನ್ರು ದೊಡ್ಡ ರಸಿಕರು!"

ವೇದಿಕೆ ಮೇಲಿದ್ದ ಯಜಮಾನ್ರು ಹಾರದೊಳಗೆ ಮುಖ ಹುದುಗಿಸಿದ್ರು. ಮುಂದಿನ ಸಾಲಲ್ಲಿದ್ದ ಅವರ ಕಾಲೇಜು ಗೆಳೆಯರೊಬ್ಬರು ನಿಧಾನವಾಗಿ ಎದ್ದು ನಿಂತು ಕೇಳಿದ್ರು:

"ಅತ್ತಿಗೆ, ಅದು ನಮಗೆಲ್ಲ ಗೊತ್ತಿದ್ದದ್ದೇ. ನಿಮಗೆ ಯಾರು ಹೇಳಿದ್ರು?"