ಕಾಕಾ ಪಾಸು ಮಾಡಿದ ಪೆಟ್ಟಿಗೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪೆಟ್ಟಿಗೆಯೊಳಗೆ ಹೋಗುವ ಮುನ್ನ ನಮ್ಮ ಕಾಕಾ ಆ ಹೊತ್ತನ್ನು ರಿಜಿಸ್ಟರಿನಲ್ಲಿ ನನ್ನ ಕೈಯಿಂದಲೇ ಬರೆಸಿದ್ದರು.

ಕಾಕಾ ಪಾಸು ಮಾಡದ ಇಡ್ಲಿಯನ್ನು ನಮ್ಮ ಮನೆಯಲ್ಲಿ ಯಾರೂ ತಿಂದಿಲ್ಲ ಎಂದರೆ ನೀವು ನಂಬುತ್ತೀರಾ? ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿ ನಿವೃತ್ತರಾದವರು. ಕಾರ್ಖಾನೆ ಬಿಟ್ಟಿತು, ತಪಾಸಣೆ ಬಿಡಲಿಲ್ಲ. ಮದುವೆಯಾಗಿರಲಿಲ್ಲ. (ಹೆಣ್ಣು ನೋಡಲು ಹೋದಲ್ಲೆಲ್ಲ ಮೊದಲು ಬಾಗಿಲ ಚೌಕಟ್ಟು ನೋಡುತ್ತಿದ್ದರಂತೆ, ಅಪ್ಪನ ಆರೋಪ.) ಗುಲಬರ್ಗಾದಿಂದ ಬಂದು ನಾರಾಯಣಗೂಡದ ಕಾಲೇಜಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದ ನಾನು, ಅಣ್ಣನ ಮಗಳು, ಅವರ ಕೂಕಟ್‌ಪಲ್ಲಿಯ ಫ್ಲಾಟಿನಲ್ಲಿದ್ದೆ.

ಮೂರನೆಯವನು ಸಾಹೇಬ. ಅದು ಇಗ್ವಾನಾ ಎಂಬ ಪರದೇಶದ ಹಲ್ಲಿ. ಮೂತಿಯಿಂದ ಬಾಲದ ತುದಿಗೆ ಐದಡಿ. ವರ್ಗವಾಗಿ ಹೋದ ಗೆಳೆಯರೊಬ್ಬರು ಬಿಟ್ಟುಹೋದದ್ದು. ಮೆಂತ್ಯಸೊಪ್ಪು, ದಾಸವಾಳ ಬಿಟ್ಟರೆ ಬೇರೇನೂ ಮುಟ್ಟದ ಶುದ್ಧ ಶಾಕಾಹಾರಿ. ಆದರೆ ಪರದೆಯ ಕೋಲಿನ ಮೇಲೆ ಮಲಗಿ ಒಂದೇ ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದ ರೀತಿ ಮಾತ್ರ ಶಾಕಾಹಾರಿಯದಾಗಿರಲಿಲ್ಲ.

ಆ ಪ್ರಾಣಿಗೆ ಸೆಕೆ ಬೇಕು, ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ನೀರು ತಾಗಿದರೆ ಪ್ಲೈವುಡ್ ಉಬ್ಬುತ್ತದೆ. ಆದ್ದರಿಂದ ಆರಡಿ ಎತ್ತರದ ಪೆಟ್ಟಿಗೆ ಮಾಡಿಸಿ, ಒಳಗೆಲ್ಲ ಮೂರು ಕೋಟು ವಾರ್ನಿಷ್ ಬಳಿದು, ಬಾಗಿಲ ಅಂಚಿಗೆ ರಬ್ಬರು ಅಂಟಿಸುವುದೆಂದು ಕಾಕಾ ತೀರ್ಮಾನಿಸಿದರು. ಬಡಗಿ ಮಿಸ್ತ್ರಿ ಅಳತೆ ಕೇಳಿ ತಲೆ ಕೆರೆದುಕೊಂಡ.

"ಛಿಪ್ಕಲೀಕೇ ವಾಸ್ತೇ ಇತ್ತಾ ಬಡಾ ಘರ್? ಮೇರೆಕುಚ್ ಕಿರಾಯೇಪೇ ದೇದೇವ್ ಸಾಬ್," ಎಂದು ಹಲ್ಲಿಯ ಆ ದೊಡ್ಡ ಮನೆಯನ್ನು ತನಗೇ ಬಾಡಿಗೆಗೆ ಕೇಳಿದ.

ಅವನು ಹಿಡಿಕೆ ಕೂರಿಸಲು ಹೋದಾಗ ಕಾಕಾ ತಡೆದರು. "ಹಿಡಕಿ ಕಡೀಗೆ. ಪಾಸಾಗದ ಮಾಲಿಗೆ ಹಿಡಕಿ ಹಚ್ಚೋ ಪದ್ಧತಿ ನಮ್ಮಲ್ಲಿಲ್ಲ."

ಮೂರನೆಯ ಕೋಟಿನ ಮರುದಿನವೇ ಅಂತಿಮ ತಪಾಸಣೆ. ವಾರ್ನಿಷಿನ ಮೇಲೆ ಧೂಳು ಕೂರಬಾರದೆಂದು ಕಿಟಕಿಗಳನ್ನು ಮುಚ್ಚಿದ್ದರು. ಪರದೆ ಎಳೆದು ಕೋಣೆ ಕತ್ತಲು ಮಾಡಿದರು. ಪೆಟ್ಟಿಗೆಯ ಮೇಲಿನ ಗಾಳಿಕಿಂಡಿಗೂ ಟೇಪು. ಅವರು ಒಳಗೆ ನಿಲ್ಲಬೇಕು, ನಾನು ಹೊರಗಿನಿಂದ ಸಂದುಸಂದಿಗೂ ಟಾರ್ಚು ಹಿಡಿಯಬೇಕು. ಒಳಗೆ ಬೆಳಕು ಕಂಡರೆ ಅಲ್ಲಿ ಸೆಕೆ ಸೋರುತ್ತದೆಂದು ಅರ್ಥ; ಅವರು ಒಂದು ಸಲ ಬಡಿಯುತ್ತಾರೆ, ನಾನು ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು.

"ಕಾಕಾ, ವಾಸನಿ ಭಾಳ ಐತಿರಿ."

"ಐದು ನಿಮಿಷದ ಮಾತವ್ವಾ. ನಡುವ ಮಾತಾಡಬ್ಯಾಡ, ಲಕ್ಷ್ಯ ಹೋಗತೈತಿ. ಚಿಲಕ ಹಾಕು."

ಕೆಮಿಸ್ಟ್ರಿ ಓದುತ್ತಿದ್ದವಳು ಚಿಲಕ ಹಾಕಿದೆ! ಆ ಚಿಲಕವನ್ನು ಇವತ್ತಿಗೂ ಮನಸ್ಸಿನಲ್ಲಿ ಎಷ್ಟು ಸಲ ತೆಗೆದಿದ್ದೇನೋ ಲೆಕ್ಕವಿಲ್ಲ.

ಎಡಗಡೆ ಟಾರ್ಚು ಹಿಡಿದೆ. ಟಕ್. ಗುರುತು ಹಾಕಿದೆ. ಸ್ವಲ್ಪ ಮೇಲೆ, ಟಕ್. ಗುರುತು. ಸಾಹೇಬ ಪರದೆಯ ಕೋಲಿನಿಂದ ಇಳಿದು ಬಂದು ಪೆಟ್ಟಿಗೆಯ ಮುಂದೆ ನಿಂತ. ಗಂಟಲ ಚೀಲ ಬಿಚ್ಚಿ, ಅಲುಗದೆ, ಬಾಗಿಲನ್ನೇ ನೋಡುತ್ತಿದ್ದ. ತನ್ನ ಮನೆ ನೋಡುತ್ತಿದ್ದಾನೆ ಎಂದು ನಗು ಬಂತು.

ನಾನು ಪೆಟ್ಟಿಗೆಯ ಹಿಂಬದಿಗೆ ಹೋದೆ. ಟಕ್ ಎಂದಿತು, ಆದರೆ ಮುಂದಿನಿಂದ.

"ಕಾಕಾ, ನಾ ಹಿಂದದೀನ್ರಿ," ಎಂದೆ. ಉತ್ತರವಿಲ್ಲ. ಮಾತಾಡಬಾರದೆಂದು ಅವರೇ ಹೇಳಿದ್ದರಲ್ಲ. ಮುಂದೆ ಬಂದು, ಬೆಳಕೇ ಬೀಳದ ಆ ಜಾಗಕ್ಕೂ ವಿಧೇಯಳಾಗಿ ಗುರುತು ಹಾಕಿದೆ. ಟಕ್. ಇನ್ನೊಂದು, ಅದಕ್ಕಿಂತ ಕೆಳಗೆ. ಬಹಳ ಹೊತ್ತಿನ ಮೇಲೆ ಮತ್ತೊಂದು, ಇನ್ನೂ ಕೆಳಗೆ. ಹಲ್ಲಿಯ ಕಣ್ಣಿನ ಮಟ್ಟಕ್ಕೆ.

ಅದಕ್ಕೂ ಗುರುತು ಹಾಕಲು ಕೂತಾಗ ಕೈ ನಿಂತಿತು. ನಿಂತಿರುವ ಮನುಷ್ಯ ನೆಲದ ಹತ್ತಿರ ಬಡಿಯುವುದು ಹೇಗೆ?

ಚಿಲಕ ತೆಗೆದೆ. ಬಾಗಿಲು ಬರಲಿಲ್ಲ. ಪೂರ್ತಿ ಆರದ ವಾರ್ನಿಷಿಗೆ ರಬ್ಬರು ಅಂಟಿಕೊಂಡಿತ್ತು. ಎಳೆಯೋಣವೆಂದರೆ ಹಿಡಿಕೆಯಿಲ್ಲ. ಉಗುರು ಮುರಿಯಿತು. "ಕಾಕಾ" ಎಂದು ಕೂಗಿದರೆ ಒಳಗೆ ಸದ್ದಿಲ್ಲ. ಪೆಟ್ಟಿಗೆ ಅಷ್ಟು ಚೆನ್ನಾಗಿ ತಯಾರಾಗಿತ್ತು. ಕಿಟಕಿ ತೆರೆದೆ, ಸ್ಟೂಲು ಹತ್ತಿ ಗಾಳಿಕಿಂಡಿಯ ಟೇಪು ಕಿತ್ತೆ. ಘಾಟು ಮುಖಕ್ಕೆ ರಾಚಿತು. ಜಾಳಿಗೆಯಿಂದ ಟಾರ್ಚು ಬಿಟ್ಟರೆ, ತಳದಲ್ಲಿ ಕಾಕಾನ ಬೋಳು ನೆತ್ತಿ ಮಾತ್ರ ಕಂಡಿತು.

ಅಡುಗೆಮನೆಯಿಂದ ರೊಟ್ಟಿ ಮಗುಚುವ ಸಟ್ಟುಗ ತಂದು ಸಂದಿಗೆ ತುರುಕಿದೆ. ಸಾಹೇಬ ನನ್ನ ಕಾಲಿಗೇ ಮೈ ತಾಗಿಸಿ ನಿಂತಿದ್ದ. ಆವರೆಗೆ ಅವನಿದ್ದ ಕೋಣೆಗೆ ಕಾಲಿಡಲು ಎರಡು ಸಲ ಯೋಚಿಸುತ್ತಿದ್ದವಳಿಗೆ ಆ ತಣ್ಣನೆಯ ಚರ್ಮ ತಾಗಿದ್ದೂ ತಿಳಿಯಲಿಲ್ಲ. ಸಟ್ಟುಗ ಬಾಗಿತು. ಆಮೇಲೆ ಬಟ್ಟೆ ಹರಿದಂಥ ಸದ್ದಾಗಿ ಬಾಗಿಲು ಬಿಟ್ಟಿತು. ಕಾಕಾ ಮೂಟೆಯಂತೆ ನನ್ನ ಮೇಲೆ ಉರುಳಿದರು.

ಕೆಳಗಿನ ಮನೆಯವರ ಸಹಾಯದಿಂದ ಆಟೋದಲ್ಲಿ ಆಸ್ಪತ್ರೆಗೆ ಒಯ್ದು, ಆಕ್ಸಿಜನ್ ಕೊಡಿಸಿದೆವು. "ಇಂಕಾ ಅಯಿದು ನಿಮಿಷಾಲು ಆಲಸ್ಯಮೈತೇ..." ಎಂದು, ಇನ್ನೈದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೆಂದು ಹೇಳಹೊರಟ ಡಾಕ್ಟರು ನನ್ನ ಮುಖ ನೋಡಿ ಮಾತು ಅಲ್ಲಿಗೇ ಬಿಟ್ಟರು. ಎಚ್ಚರವಾದ ಕಾಕಾ ಮೊದಲು ಕೇಳಿದ್ದೇನು ಗೊತ್ತೆ?

"ಮುಂದಿನ ಬಾಗಲಾ ಸೋರಿತೇನು?"

"ಇಲ್ಲರಿ."

"ಹಂಗಂದ್ರ ಪಾಸ್," ಎಂದು ಕಣ್ಣು ಮುಚ್ಚಿದರು. ಬಿಗಿಹಿಡಿದಿದ್ದ ನನ್ನ ಅಳು ಆಗ ಬಂತು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಯಾರ ಮನೆಯಲ್ಲೋ ಶೇಂಗಾ ಕುಟ್ಟಿದರೆ ನಾನು ಎದ್ದು ಕೂರುತ್ತಿದ್ದೆ. ಒಂದೊಂದು ರಾತ್ರಿ ಮೂರು ಸಲ ಹೋಗಿ ಕಾಕಾನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. "ಇದ್ದೀನವ್ವಾ, ಹೋಗಿ ಮಲಕ್ಕೋ," ಎನ್ನುತ್ತಿದ್ದರು ಕತ್ತಲಲ್ಲಿ. ಅವರೂ ಮಲಗಿರುತ್ತಿರಲಿಲ್ಲ. ಬಚ್ಚಲಿಗೂ ಬಾಗಿಲು ಹಾಕದಾಗಿದ್ದರು. (ಅದು ಇಬ್ಬರಿಗೂ ಕಷ್ಟದ ಕಾಲ.) ಕಡೆಗೆ ಮಿಸ್ತ್ರಿಯನ್ನು ಕರೆಸಿ ಪೆಟ್ಟಿಗೆಯ ಬಾಗಿಲು ಕಿತ್ತುಹಾಕಿಸಿ ಜಾಳಿಗೆ ಹೊಡೆಸಿದರು. ಮೂವತ್ತು ವರ್ಷದಲ್ಲಿ ತಾವು ಪಾಸು ಮಾಡಿದ್ದನ್ನು ತಾವೇ ರದ್ದು ಮಾಡಿದ್ದು ಅದೊಂದೇ ಸಲವಂತೆ.

ಬಾಗಿಲು ಕಿತ್ತ ಆ ಶನಿವಾರ ರಾತ್ರಿ ಇಬ್ಬರೂ ಪಡಸಾಲೆಯಲ್ಲೇ ಹಾಸಿಕೊಂಡೆವು. ನಾನು ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು, ಗಂಟೆ ಒಂಬತ್ತೂವರೆ. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ. ಕಾಕಾನ ಹಾಸಿಗೆ ಖಾಲಿ. ಬಾಗಿಲಿಗೆ ಓಡಿದೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದರು, ಪಕ್ಕದಲ್ಲಿ ಹಾಲಿನ ಪಾಕೀಟು. "ಆರಕ್ಕ ಎಚ್ಚರಾತು. ನಡುವ ಒಮ್ಮೆನೂ ಎದ್ದಿಲ್ಲ ನೋಡು," ಎಂದರು ಹೆಮ್ಮೆಯಿಂದ. ಕಾಲಿಂಗ್ ಬೆಲ್ಲಿನ ಮೇಲೆ ಚೀಟಿಯೊಂದು ಅಂಟಿತ್ತು. ತೆಲುಗು, ಉರ್ದು, ಕನ್ನಡ, ಮೂರರಲ್ಲೂ ದುಂಡಗೆ ಬರೆದ ಒಂದೇ ವಾಕ್ಯ: "ಒಳಗೆ ನನ್ನ ಮಗಳು ಮಲಗಿದ್ದಾಳೆ."