ಶುಕ್ರವಾರದ ಸೈಕಲ್ ರಿಪೇರಿ

ಸೈಕಲ್ ಇಟ್ಟವನ ಮರ್ಯಾದಿ ಆಗಾಗ ಬೀದಿಗೆ ಬೀಳೋದೇ. ನಾ ಕಲಬುರಗಿ ಬ್ರಹ್ಮಪುರದಾಗ ಇದ್ದು ಸರ್ಕಾರಿ ಶಾಲ್ಯಾಗ ಲೆಕ್ಕ ಕಲಿಸ್ತಿದ್ದೆ. ಹೆಂಡ್ತಿ ಕ್ಷಯ ಹತ್ತಿ ಕಮಲಾಪುರದ ತವರಮನ್ಯಾಗ ಮಲಗಿದ್ದಳು. ನಿಜಾಮರ ರಾಜ್ಯದಾಗ ಸೂಟಿ ಅಂದ್ರ ಶುಕ್ರವಾರ. ಬಂಡಿ ಹಿಡಿದ್ರ ಹೋಗೋದ್ರಾಗೇ ಸೂಟಿ ಮುಗೀತಿತ್ತು. ಸೈಕಲ್ ಓಡಿದ್ರ ಅಕಿ ಮುಖ ಕಾಣೋದು, ಇಲ್ಲಂದ್ರ ಇಲ್ಲ.

೧. ದುಕಾನ

ಶಹಾಬಜಾರದಾಗ ಸೈಕಲ್ ರಿಪೇರಿ ಮಾಡೋ ಉಸ್ತಾದನ ದುಕಾನಕ್ಕ ಪಂಚರ್ ಅಂತ ಕೊಟ್ಟೆ. ಪುಣ್ಯಾತ್ಮ ಇಡೀ ಸೈಕಲ್ ಬಿಚ್ಚಿ ಗ್ವಾಡಿಗೆ ತೂಗು ಹಾಕಿದ್ದ. ಶುಕ್ರವಾರ ಮುಂಜಾನೆ ಬೇಕೇ ಬೇಕು ಅಂದೆ.

"ಶುಕ್ರವಾರ ನನಗೂ ಸೂಟಿ ಮಾಸ್ತರ್ರ. ಶನಿವಾರ ಬರ್ರಿ."

"ಶನಿವಾರ ನನಗ ಶಾಲಿ ಅದ."

"ಹಂಗಾರ ಚಿಂತಿ ಯಾಕ? ಶಾಲಿ ನಿಮ್ಮ ಮನಿ ಬಾಜೂಕೇ ಅದಲ್ಲ. ನಡಕೋತ ಹೋಗ್ರಿ."

ಆ ಶುಕ್ರವಾರ ಮನ್ಯಾಗ ಕುಂತೆ. ತಲ್ಯಾಗ ಸಿಟ್ಟು. ಇನ್ನ ರಿಪೇರಿ ನಾನೇ ಮಾಡೋದು ಅಂತ ಗಟ್ಟಿ ಮಾಡಿದೆ.

೨. ಕುಸುಬಿ ಎಣ್ಣಿ

ಮುಂದಿನ ಸಲ ಕಮಲಾಪುರಕ್ಕ ಹೋದಾಗ ಸರಪಳಿ ಕಿರಗುಡ್ತಿತ್ತು. ಅತ್ತಿ ಅಡಗಿಮನ್ಯಾಗಿಂದ ಕುಸುಬಿ ಎಣ್ಣಿ ತಂದುಕೊಟ್ಟು, "ಮನಿ ಗಾಣದ್ದರಿ, ಕೈ ಹಿಡೀಬ್ಯಾಡ್ರಿ" ಅಂದ್ರು. ಕೈ ಹಿಡೀದೇ ಸುರುವಿದೆ. ಒಂದು ವಾರದಾಗ ಆ ಎಣ್ಣಿ ಹಾದಿ ಧೂಳು ಕುಡದು ಬೆಲ್ಲದ ಪಾಕದಂಗ ಬಿಗೀತು. ಮರು ಶುಕ್ರವಾರ ಕಮಲಾಪುರಕ್ಕ ಅರ್ಧ ಹಾದಿ ಸೈಕಲ್ ನೂಕ್ಕೊಂಡೇ ಹೋದೆ. ಹೆಂಡ್ತಿ ಮಲಗಿದ್ದ ಹೊರಸಿನ ಮುಂದ ನಾ ಕುಂತು ಸರಪಳಿ ಕೆರೀತಿದ್ದೆ.

ಅಕಿ ಮಲಗಿದಲ್ಲಿಂದೇ ನೋಡಿ, "ಎಣ್ಣಿ ಹಾಕೀರಿ, ಛಲೋ ಆಯ್ತು. ಸಾಸಿವಿ, ಕರಿಬೇವು ಯಾಕ ಮರತ್ರಿ?" ಅಂತ ನಕ್ಕಳು.

ಅಕಿ ನಕ್ಕು ಎಷ್ಟೋ ತಿಂಗಳಾಗಿತ್ತು. ಅತ್ತಿ ಒಳಗ ಹೋಗಿ ಸೆರಗಿಲೆ ಕಣ್ಣು ಒರಸಿಕೊಂಡ್ರು.

೩. ಕೆಡದ ಸೈಕಲ್

ಅವತ್ತಿನಿಂದ ಕೆಡಲಿ ಬಿಡಲಿ, ಹೋದ ಕೂಡ್ಲೇ ಹೊರಸಿನ ಮುಂದ ಗೋಣಿತಟ್ಟು ಹಾಸಿ ಸೈಕಲ್ ಬಿಚ್ಚೋದೇ.

"ಏನ್ ಕೆಟ್ಟದರಿ ಅಳಿಯಂದ್ರ?" ಅಂತ ಮಾವ ಕೇಳಿದ್ರ, "ಬಿಚ್ಚಿದ ಮ್ಯಾಲ ಗೊತ್ತಾಗ್ತದರಿ" ಅಂತಿದ್ದೆ.

ಕಡೀ ಶುಕ್ರವಾರ ಎಲ್ಲಾ ಜೋಡಿಸಿದ ಮ್ಯಾಲ ಎರಡು ನಟ್ಟು ಉಳದ್ವು. ಹೆಚ್ಚಿಗಿ ಇದ್ದಾವೇನೋ ಅಂತ ಕಿಸೇದಾಗ ಹಾಕ್ಕೊಂಡು ಅಂಗಳದಾಗ ಅಕಿಗೆ ಸವಾರಿ ಮಾಡಿ ತೋರಿಸ್ಲಿಕ್ಕೆ ಹತ್ತಿದೆ. ಮುಂದಿನ ಗಾಲಿ ನನ್ನ ಬಿಟ್ಟು ತಾನೇ ಓಣಿಗುಂಟ ಹೋಯ್ತು. ನಾ ಹ್ಯಾಂಡಲ್ ಹಿಡಕೊಂಡು ನೆಲಕ್ಕ. ಅಳಿಯನ ಮುಂದ ನಗಬಾರದಲ್ಲ, ಮನಿಮಂದಿ ಎಲ್ಲಾ ತುಟಿ ಕಚ್ಚಿ ನಿಂತ್ರು. ಮಾವ ಓಡಿಹೋಗಿ ಗಾಲಿ ಹಿಡಕೊಂಡು ಬಂದು, ಭಾಳ ಮರ್ಯಾದಿಲೆ ಕೇಳಿದ್ರು:

"ಇದು ನಿಮ್ಮದೇನ್ರಿ ಅಳಿಯಂದ್ರ?"

ಅಕಿ ಒಬ್ಬಾಕಿನೇ ಹೊಟ್ಟಿ ಹಿಡಕೊಂಡು ನಕ್ಕಳು. ನಗಿ ಕೆಮ್ಮಾಯ್ತು. ಕೆಮ್ಮು ನಿಂದ್ರೋತನಕ ನಾ ಅಕಿ ಬೆನ್ನು ನೀವಿದೆ. ಉಸಿರು ಹತೋಟಿಗೆ ಬಂದ ಮ್ಯಾಲ ನನ್ನ ಮಣಕಾಲಿನ ಮಣ್ಣು ಒರಸಿ ಸಣ್ಣ ದನಿಲೆ ಅಂದಳು:

"ಕೆಡದ ಸೈಕಲ್ ಯಾಕ ಬಿಚ್ತೀರಿ ಅಂತ ನನಗ ತಿಳ್ಯಾಂಗಿಲ್ಲೇನ್ರಿ? ನಾ ಇರೋತನಕ ಬಿಚ್ರಿ. ಆಮ್ಯಾಲ ದುಕಾನಕ್ಕ ಕೊಡ್ರಿ. ನಗೋರು ಇಲ್ಲದಾಗ ಬಿದ್ರ ಬರೇ ಪೆಟ್ಟಾಗ್ತದ."