ಮೂವತ್ತೊಂದು ಮಕ್ಕಳ ಒಂದೇ ಉತ್ತರ

ತಪ್ಪೇನಾದರೂ ಇದ್ದರೆ ಅದು ಏಳನೇ ಪ್ರಶ್ನೆಯದು. ಹದಿಹರೆಯದ ಮಕ್ಕಳ ಮನಸ್ಸಿನ ಒತ್ತಡ ತಿಳಿಯಲೆಂದು ರಾಯಚೂರಿನ ಜಿಲ್ಲಾ ಕಚೇರಿಯಿಂದ ಬಂದಿದ್ದ ಫಾರಂನಲ್ಲಿ ಉಳಿದದ್ದಕ್ಕೆಲ್ಲ ಹೌದು, ಇಲ್ಲ ಎಂದು ಗುರುತು ಹಾಕಿದರೆ ಸಾಕಿತ್ತು. ಏಳನೆಯದಕ್ಕೆ ಮಾತ್ರ ಬರೆಯಬೇಕಿತ್ತು: ‘ಮನಸ್ಸಿಗೆ ಬೇಸರವಾದಾಗ ಯಾರಿಗೆ ಹೇಳಿಕೊಳ್ಳುತ್ತೀರಿ?’

ಮಾನ್ವಿಯ ಆ ಹೈಸ್ಕೂಲಿನ ಒಂಬತ್ತನೇ ತರಗತಿಯ ಮೂವತ್ತೊಂದು ಮಕ್ಕಳೂ ಬರೆದದ್ದು ಒಂದೇ: ಯಾರಿಗೂ ಇಲ್ಲ.

ಹೆಡ್ ಮೇಡಂ ಶರಣಮ್ಮ ಹಾಳೆಗಳನ್ನು ತಂದು ಅತಿಥಿ ಶಿಕ್ಷಕ ಉಮೇಶನ ಮುಂದಿಟ್ಟರು.

“ಎಲ್ಲಾರೂ ಕೂಡಿ ಕಾಪಿ ಹೊಡದಾರ. ನೀವು ಕ್ಲಾಸಿನ್ಯಾಗ ಏನ್ ಮಾಡಾಕತ್ತಿದ್ರಿ?”

“ಅಲ್ಲೇ ಇದ್ನಿರಿ ಮೇಡಂ. ಕಾಪಿ ಹೊಡದಿಲ್ರಿ.”

“ಸಂಜಿಗೆ ಕಳಸಬೇಕು. ಅಷ್ಟರಾಗ ಕಾಪಿ ಅಲ್ಲಂತ ತೋರಸ್ರಿ. ಇಲ್ಲಾಂದ್ರ ವರದಿಯೊಳಗ ನಿಮ್ಮ ಹೆಸರು ಬರೀತೀನಿ.”

ಹೆಸರು ಕೆಟ್ಟರೆ ಮುಂದಿನ ವರ್ಷ ಅತಿಥಿಯಾಗಿ ಕೂಡ ಯಾರೂ ಕರೆಯುವುದಿಲ್ಲ.

ಗಣಿತದ ಮತೀನ್ ಸರ್ ಕರೆಯದೆಯೇ ಬಂದು, “ದೂರ ದೂರ ಕೂಡ್ರಿಸಿ ಇನ್ನೊಮ್ಮೆ ಬರಸ್ರಿ,” ಎಂದರು. ಉಮೇಶ ಮಕ್ಕಳನ್ನು ಅಂಗಳದಲ್ಲಿ, ವರಾಂಡದಲ್ಲಿ, ಒಬ್ಬನನ್ನಂತೂ ನೀರಿನ ಟ್ಯಾಂಕಿನ ಹಿಂದೆ, ಮೆಣಸಿನಕಾಯಿ ಒಣಹಾಕಿದಂತೆ ಹರವಿ ಕೂಡ್ರಿಸಿದ. ಉತ್ತರ ಅದೇ ಬಂತು.

“ಬಾಯಿಪಾಠ ಮಾಡ್ಯಾವ,” ಎಂದರು ಮತೀನ್ ಸರ್. “ಒಬ್ಬೊಬ್ಬರನ್ನ ಕರದು ಕಾರಣ ಕೇಳ್ರಿ.”

ಉಮೇಶ ಲ್ಯಾಬಿನಲ್ಲಿ ಕುಳಿತು ಕರೆದ. ಮೊದಲು ಸವಿತಾ ಬಂದಳು.

“ಯಾಕವ್ವಾ, ಯಾರಿಗೂ ಯಾಕ ಹೇಳಂಗಿಲ್ಲ?”

“ಹೇಳಿದ್ರ ಓದಾಕ ಕುಂದುರು ಅಂತಾರ್ರಿ.”

ನೌಶೀನ್ ತಲೆ ತಗ್ಗಿಸಿದಳು. “ಅಮ್ಮೀಗೆ ಹೇಳಿದ್ರ ಓಣಿಗೆಲ್ಲಾ ಗೊತ್ತಾಗ್ತದ ಸರ್.”

ಮುದಸ್ಸಿರನಿಗೆ ಆ ತಿಂಗಳಷ್ಟೇ ದನಿ ಒಡೆದಿತ್ತು. “ಅಬ್ಬಾಗ ಹೇಳಾಕ ಹೋಗಿದ್ನಿ ಸರ್,” ಎಂದು ದಪ್ಪ ದನಿಯಲ್ಲಿ ಶುರು ಮಾಡಿ, “ದನಿ ಕೇಳಿ ಎಲ್ಲಾರೂ ನಕ್ಕರು,” ಎಂದು ಕೀರಲು ದನಿಯಲ್ಲಿ ಮುಗಿಸಿದ. ಉಮೇಶನಿಗೂ ನಗು ಬಂದುಬಿಟ್ಟಿತು. ಹುಡುಗನ ಕಣ್ಣು ತುಂಬಿದ್ದು ಕಂಡಮೇಲೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

ನಾಲ್ಕು ಗಂಟೆಗೆ ಅವನು ಮೂವತ್ತೊಂದು ಕಾರಣಗಳನ್ನು ಬರೆದುಕೊಂಡು ಮೇಡಂ ಮುಂದೆ ನಿಂತ. ಒಂದರಂತೆ ಇನ್ನೊಂದಿರಲಿಲ್ಲ. ಗೆದ್ದೆನೆಂಬ ಹುರುಪು, ಮಕ್ಕಳ ಬಗ್ಗೆ ಸಂಕಟ, ಎರಡೂ ಒಟ್ಟಿಗೇ ಇದ್ದವು.

ಶರಣಮ್ಮ ಕೊನೆಯವರೆಗೂ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಕಾಪಿ ಅಲ್ಲ ಬಿಡ್ರಿ,” ಎಂದರು. ಆಮೇಲೆ ವರದಿಯ ಹಾಳೆ ಎಳೆದುಕೊಂಡು, ‘ಉಮೇಶ ಅವರ ತರಗತಿಯಲ್ಲಿ ಸಾಮೂಹಿಕ ನಕಲು’ ಎಂದು ಬರೆದರು.

“ಮೇಡಂ, ಈಗಷ್ಟ ಕಾಪಿ ಅಲ್ಲ ಅಂದ್ರೆಲ್ರಿ?”

“ಕಾಪಿ ಅಂದ್ರ ತಪ್ಪು ನಿಮ್ಮೊಬ್ಬರದು. ಅಲ್ಲ ಅಂದ್ರ ನಮ್ಮೆಲ್ಲಾರದೂ. ಇಲ್ಲಿ ಸಹಿ ಮಾಡ್ರಿ.”